ಲೇಹ್‌ಗೆ ಇಳಿದ ದಿನ ಏನೂ ಮಾಡ್ಬೇಡಿ

ಹೋದ ಸಂಚಿಕೆಯಲ್ಲಿ ಲಡಾಖ್ ಬಗ್ಗೆ ಸುಮ್ನೆ ನಾಲ್ಕು ಸಾಲು ಬರೆದಿದ್ದೆ ಅಷ್ಟೆ, ಈ ಸಲ ಬಂದಿರೋ ಪ್ರಶ್ನೆ ಎಲ್ಲಾ ಅದೇ. ಕಾಗದ, ಮೇಲ್, ವಾಟ್ಸಾಪ್ ಎಲ್ಲಾ ಸೇರಿಸಿ ನೋಡಿದ್ರೆ ಅರ್ಧಕ್ಕಿಂತ ಜಾಸ್ತಿ ಜನ ಕೇಳಿರೋದು ಒಂದೇ, "ಆ ಕಡೆ ಚೀನಾ, ಈ ಕಡೆ ಪಾಕಿಸ್ತಾನ, ಡೇಂಜರ್ ಅಲ್ವಾ ಮೇಡಂ?" ಡೇಂಜರ್ ಹೌದು. ಆದ್ರೆ ನೀವು ಅಂದ್ಕೊಂಡಿರೋ ಕಡೆಯಿಂದ ಅಲ್ಲ. ಒಂದೊಂದಾಗಿ ನೋಡೋಣ.

ಪ್ರಶ್ನೆ: ಜೂನ್‌ನಲ್ಲಿ ಫ್ಯಾಮಿಲಿ ಸಮೇತ ಹೊರಟಿದ್ದೀವಿ. ನಮ್ಮಮ್ಮಂಗೆ 67, ಬಿಪಿ ಮಾತ್ರೆ ತಗೋತಾರೆ, ಮಗಂಗೆ ಏಳು ವರ್ಷ. ಪ್ಯಾಕೇಜ್ ಹೀಗಿದೆ: ಮೊದಲ ದಿನ ಬೆಳಿಗ್ಗೆ ಫ್ಲೈಟಲ್ಲಿ ಲೇಹ್, ಮಧ್ಯಾಹ್ನ ಲೋಕಲ್ ಸೈಟ್‌ಸೀಯಿಂಗ್. ಎರಡನೇ ದಿನ ಪ್ಯಾಂಗಾಂಗ್ ಸರೋವರ, ಅಲ್ಲೇ ಟೆಂಟಲ್ಲಿ ಸ್ಟೇ. ಮೂರು, ನಾಲ್ಕು ನುಬ್ರಾ ಕಣಿವೆ. ಐದನೇ ದಿನ ವಾಪಸ್. ಸರಿ ಇದೆಯಾ? — ದಾವಣಗೆರೆಯಿಂದ ಒಬ್ಬರು

ಸರಿ ಇಲ್ಲ. ಮುಲಾಜಿಲ್ಲದೆ ಹೇಳ್ತಿದೀನಿ, ಬೇಜಾರ್ ಮಾಡ್ಕೋಬೇಡಿ. ಇದೇ ಪ್ಲಾನ್ ನಾನೂ 2011ರಲ್ಲಿ ಮಾಡಿದ್ದೆ, ಹೆಚ್ಚುಕಮ್ಮಿ ಇದೇ ಥರ.

ಲಡಾಖಿನ ಮುಖ್ಯ ಊರು ಲೇಹ್ ಇರೋದು ಸುಮಾರು 11,500 ಅಡಿ ಮೇಲೆ. ನಮ್ಮ ರಾಜ್ಯದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿ 6,330 ಅಡಿ, ಅದರ ಹತ್ತತ್ರ ಎರಡರಷ್ಟು. ಗಾಳಿಯಲ್ಲಿ ಆಕ್ಸಿಜನ್ ಪಾಲು ಅಲ್ಲೂ ಶೇಕಡಾ 21ನೇ, ಆದ್ರೆ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರೋದ್ರ ಮೂರರಲ್ಲಿ ಎರಡು ಪಾಲು ಅಷ್ಟೆ, ಹಂಗಾಗಿ ಒಂದೊಂದು ಉಸಿರಲ್ಲಿ ಸಿಗೋದೂ ಅಷ್ಟೇ. ಬೆಳಿಗ್ಗೆ ಬೆಂಗಳೂರಲ್ಲೋ ಡೆಲ್ಲಿಲೋ ಕಾಫಿ ಕುಡಿದು ಮಧ್ಯಾಹ್ನಕ್ಕೆ ಅಲ್ಲಿ ಇಳಿದ್ರೆ ದೇಹಕ್ಕೆ ಏನಾಯ್ತು ಅಂತಾನೇ ಗೊತ್ತಾಗಲ್ಲ. ಮೊದಲ ಎರಡ್ಮೂರು ಗಂಟೆ ಆರಾಮಾಗೇ ಇರ್ತೀರಾ, ಅದೇ ಮೋಸ. "ಏನೂ ಆಗ್ಲಿಲ್ಲ ನೋಡ್ರಿ" ಅಂತ ಶಾಂತಿ ಸ್ತೂಪದ ಮೆಟ್ಟಿಲು ಹತ್ತಿಬಿಡ್ತೀರಾ, ರಾತ್ರಿ ತಲೆ ಸಿಡಿಯೋಕೆ ಶುರುವಾಗತ್ತೆ, ವಾಂತಿ, ನಿದ್ದೆ ಇಲ್ಲ.

ಹಾಗಾಗಿ ಇಳಿದ ದಿನ ಏನೂ ಮಾಡ್ಬೇಡಿ. ಅಂದ್ರೆ ನಿಜವಾಗ್ಲೂ ಏನೂ ಅಂದ್ರೆ ಏನೂ. ರೂಮಲ್ಲಿ ಮಲ್ಕೊಳಿ, ನೀರು ಕುಡೀರಿ, ಬಿಸಿ ಸೂಪ್ ಕುಡೀರಿ, ಮೆಟ್ಟಿಲು ಇದ್ರೆ ನಿಧಾನ ಹತ್ತಿ. ಎರಡನೇ ದಿನ ಬೇಕಾದ್ರೆ ಲೇಹ್ ಮಾರ್ಕೆಟ್‌ವರೆಗೆ ನಡ್ಕೊಂಡು ಹೋಗಿ ಬನ್ನಿ. ಪೂರ್ತಿ 48 ಗಂಟೆ ಆದ್ಮೇಲೇ ಮುಂದಕ್ಕೆ. ಅಮ್ಮ, ಮಗು ಇದ್ದಾರೆ ಅಂದ್ರೆ ಮೂರು ರಾತ್ರಿ ಲೇಹಲ್ಲೇ ಇರಿ. ಆಮೇಲೆ ಮೊದಲು ನುಬ್ರಾ, ಕೊನೆಗೆ ಪ್ಯಾಂಗಾಂಗ್. ಯಾಕಂದ್ರೆ ನುಬ್ರಾದ ದಿಸ್ಕಿತ್, ಹುಂಡರ್ ಲೇಹ್‌ಗಿಂತ ಕೆಳಗಿವೆ, ಸುಮಾರು 10,000 ಅಡಿ ಚಿಲ್ರೆ, ಮಧ್ಯೆ ಖರ್ದುಂಗ್ ಲಾ (ಲಾ ಅಂದ್ರೆ ಬೆಟ್ಟ ದಾಟೋ ಕಣಿವೆದಾರಿ) ದಾಟ್ಬೇಕು ನಿಜ ಆದ್ರೆ ಅಲ್ಲಿ ಹತ್ತು ನಿಮಿಷ ನಿಂತು ಇಳಿದುಬಿಡ್ತೀರಾ. ಪ್ಯಾಂಗಾಂಗ್ ಇರೋದು 14,000 ಅಡಿ ಹತ್ತಿರ, ಅಲ್ಲಿ ಹೋಗಿ ನೋಡೋದು ಬೇರೆ, ಮಲಗೋದು ಬೇರೆ. ಎತ್ತರದಲ್ಲಿ ತೊಂದರೆ ಕೊಡೋದು ನೀವು ಎಷ್ಟು ಮೇಲೆ ಹತ್ತಿದ್ರಿ ಅನ್ನೋದಕ್ಕಿಂತ ರಾತ್ರಿ ಎಲ್ಲಿ ಮಲಗಿದ್ರಿ ಅನ್ನೋದು.

ಈಗ ನನ್ನ ಕಥೆ. ಎರಡನೇ ದಿನವೇ ಪ್ಯಾಂಗಾಂಗ್‌ಗೆ ಕರ್ಕೊಂಡು ಹೋದ್ರು (ಏಜೆನ್ಸಿ ಹೆಸ್ರು ಬೇಡ), ಸಂಜೆ ಸರೋವರ ನೋಡಿ ಎಲ್ಲರೂ ಕುಣಿದಾಡಿದ್ವಿ. ರಾತ್ರಿ ಹನ್ನೊಂದಕ್ಕೆ ನನ್ನ ಗೆಳತಿ ಟಾಯ್ಲೆಟ್‌ಗೆ ಅಂತ ಎದ್ದೋಳು ಕುಡಿದೋರ ಥರ ವಾಲಾಡ್ತಾ ನಡೀತಿದ್ಲು, ಹೆಸರು ಕೇಳಿದ್ರೆ ಸರಿಯಾಗಿ ಹೇಳ್ತಿರ್ಲಿಲ್ಲ. ನಾವು ಸುಸ್ತು, ಬೆಳಿಗ್ಗೆ ನೋಡೋಣ ಅಂದ್ವಿ. ಡ್ರೈವರ್ ಲಡಾಖಿ ಹುಡುಗ, ಅವನು ಅವಳನ್ನ ಒಂದು ಗೆರೆ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸ್ಕೊಂಡು ನಡೆಸಿ ನೋಡ್ದ, ಆಗ್ಲಿಲ್ಲ. "ಮೇಡಂ, ಬೆಳಿಗ್ಗೆ ಅಲ್ಲ, ಈಗ" ಅಂತ ಗಾಡಿ ಸ್ಟಾರ್ಟ್ ಮಾಡೇಬಿಟ್ಟ. ಆವತ್ತು ಅರ್ಥ ಆಗಿದ್ದು ಏನಂದ್ರೆ, ಎತ್ತರದ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಯೋದು, ಆದ್ರೆ ಪ್ಯಾಂಗಾಂಗ್‌ನಿಂದ ಲೇಹ್‌ಗೆ ಹತ್ತಿರದ ದಾರೀಲಿ ಇಳೀಬೇಕು ಅಂದ್ರೆ ಮೊದಲು ಹತ್ತಬೇಕು, 17,000 ಅಡಿ ದಾಟಿದ ಚಾಂಗ್ ಲಾ ಮೇಲೆ! ಕತ್ತಲಲ್ಲಿ, ಹಿಮದಲ್ಲಿ, ಹಿಂದಿನ ಸೀಟಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡ್ಕೊಂಡು. ಲೇಹ್‌ನ ಎಸ್‌ಎನ್‌ಎಂ ಆಸ್ಪತ್ರೆಗೆ ಬೆಳಗಿನ ಜಾವ ಸೇರಿಸಿದ್ವಿ, ಎರಡು ದಿನದಲ್ಲಿ ಸರಿಹೋದ್ಲು. ಈಗ್ಲೂ ಆ ಸರೋವರದ ಫೋಟೋ ತೋರಿಸಿದ್ರೆ ಮುಖ ತಿರುಗಿಸ್ತಾಳೆ.

ಎತ್ತರದ ಕಾಯಿಲೆ ಬಾರದ ಹಾಗೆ ತಗೊಳೋ ಡಯಾಮಾಕ್ಸ್ ಮಾತ್ರೆ ಬಗ್ಗೆ ಕೇಳಿಲ್ಲ, ಆದ್ರೂ ಹೇಳ್ತೀನಿ. ಸಾಮಾನ್ಯವಾಗಿ 125 ಎಂಜಿ ದಿನಕ್ಕೆ ಎರಡು ಸಲ, ಹೊರಡೋ ಹಿಂದಿನ ದಿನದಿಂದ ಕೊಡ್ತಾರೆ, ಆದ್ರೆ ನಿಮ್ಮ ಡಾಕ್ಟ್ರನ್ನ ಕೇಳದೆ ಬೇಡ, ಅದರಲ್ಲೂ ಸಲ್ಫಾ ಅಲರ್ಜಿ ಇದ್ರೆ ಮುಟ್ಟಲೇಬೇಡಿ. ಬೆರಳ ತುದಿ ಜುಮ್ ಅನ್ನತ್ತೆ, ಪದೇ ಪದೇ ಮೂತ್ರಕ್ಕೆ ಹೋಗ್ಬೇಕಾಗತ್ತೆ, ಹೆದರಬೇಡಿ. ಅಮ್ಮನ ಬಿಪಿ ಕಂಟ್ರೋಲಲ್ಲಿ ಇದ್ರೆ ಡಾಕ್ಟರ್ ಹೂಂ ಅನ್ನಬಹುದು, ಹಾರ್ಟ್ ಅಥವಾ ಶ್ವಾಸಕೋಶದ ತೊಂದರೆ ಇದ್ರೆ ಬೇರೆ ಮಾತು. ಮಗುಗೆ ಏನಾಗ್ತಿದೆ ಅಂತ ಹೇಳೋಕೆ ಬರಲ್ಲ, ಸುಮ್ನೆ ರಚ್ಚೆ ಹಿಡಿಯತ್ತೆ, ಊಟ ಬೇಡ ಅನ್ನತ್ತೆ, ಅದನ್ನ "ಹಠ" ಅಂತ ಬಿಡ್ಬೇಡಿ. ಮತ್ತೆ ಆ ಬೆರಳಿಗೆ ಹಾಕೋ ಆಕ್ಸಿಮೀಟರ್ ತಗೊಂಡು ಹೋಗಿ, ಆದ್ರೆ ಕೊರೋನಾ ಕಾಲದ ಲೆಕ್ಕದಲ್ಲಿ ನೋಡಿ ಗಾಬರಿ ಆಗ್ಬೇಡಿ, ಲೇಹಲ್ಲಿ ಹೊಸಬರಿಗೆ 80ರ ಕೊನೇಲಿ ತೋರಿಸೋದು ಮಾಮೂಲು. ನಂಬರ್‌ಗಿಂತ ಮನುಷ್ಯನ್ನ ನೋಡಿ: ಸುಮ್ನೆ ಕೂತಾಗ್ಲೂ ಏದುಸಿರು, ಬಿಡದೆ ಕೆಮ್ಮು, ಎದೇಲಿ ಗೊರಗೊರ, ತೂರಾಟ, ಮಾತು ತೊದಲೋದು, ಇವುಗಳಲ್ಲಿ ಒಂದು ಕಂಡ್ರೂ ಪ್ಲಾನ್ ಕ್ಯಾನ್ಸಲ್, ದುಡ್ಡು ಹೋದ್ರೆ ಹೋಗ್ಲಿ.

ಐದು ದಿನ ಸಾಲದು. ಎಂಟಾದ್ರೂ ಮಾಡಿ. ಇಲ್ಲ ಅಂದ್ರೆ ಪ್ಯಾಂಗಾಂಗ್ ಬಿಟ್ಟು ಲೇಹ್, ಸಿಂಧೂ ಕಣಿವೆಯ ಥಿಕ್ಸೆ, ಹೆಮಿಸ್, ಆಲ್ಚಿ ಬೌದ್ಧ ಮಠಗಳು, ಇಷ್ಟೇ ನೋಡ್ಕೊಂಡು ಬನ್ನಿ, ಅದೂ ಕಮ್ಮಿ ಏನಲ್ಲ.

ಪ್ರಶ್ನೆ: ಅಕ್ಕಾ, ನಾವು ಮೂರು ಮಂದಿ ಗೆಳೆಯರು ಬುಲೆಟ್ ಮ್ಯಾಲೆ ಹೋಗಬೇಕಂತ ಮಾಡೇವಿ. ಮನಾಲಿ ಮಟ ಬಸ್ಸಿಗೆ ಹೋಗಿ ಅಲ್ಲೇ ಬೈಕ್ ಬಾಡಿಗಿ ಹಿಡಿಯೋದು, ಲೇಹ್, ನುಬ್ರಾ, ಪ್ಯಾಂಗಾಂಗ್ ಎಲ್ಲಾ ಅದ್ರಾಗ ಹೊಡಿಯೋದು. ಖರ್ಚು ಉಳಿತದ ಅಲ್ರಿ? — ಹುಬ್ಬಳ್ಳಿ ಹುಡುಗ್ರು

ಖರ್ಚು ಉಳಿಯಂಗಿಲ್ಲ ತಮ್ಮಾ, ಜಗಳ ಬರ್ತದ. ಮನಾಲಿಲೋ ಶ್ರೀನಗರದಲ್ಲೋ ಬಾಡಿಗೆ ತಗೊಂಡ ಬೈಕಲ್ಲಿ ಲೇಹ್‌ವರೆಗೆ ಬರಬಹುದು, ಅಲ್ಲಿಂದ ನುಬ್ರಾ, ಪ್ಯಾಂಗಾಂಗ್ ಕಡೆ ಹೋಗೋಕೆ ಅಲ್ಲಿನ ಬೈಕ್ ಯೂನಿಯನ್ನೋರು ಬಿಡಲ್ಲ. ದಾರೀಲಿ ನಿಲ್ಲಿಸಿ ವಾಪಸ್ ಕಳಿಸ್ತಾರೆ. ಅದು ಅವರ ಹೊಟ್ಟೆಪಾಡು, ವರ್ಷದಲ್ಲಿ ನಾಲ್ಕೈದು ತಿಂಗಳು ಸೀಸನ್ನು. ನಿಮ್ಮ ಸ್ವಂತ ಹೆಸರಿನ ಕೆಎ ನಂಬರ್ ಬೈಕ್ ಆದ್ರೆ ತೊಂದರೆ ಇಲ್ಲ, ಆರ್‌ಸಿ ಕೈಯಲ್ಲಿರ್ಲಿ. ಬೈಕನ್ನ ರೈಲಲ್ಲಿ ಡೆಲ್ಲಿವರೆಗೆ ಪಾರ್ಸಲ್ ಹಾಕಿ (ಟ್ಯಾಂಕಲ್ಲಿ ಪೆಟ್ರೋಲ್ ಖಾಲಿ ಮಾಡಿಸ್ತಾರೆ), ಅಲ್ಲಿಂದ ಓಡಿಸ್ಕೊಂಡು ಹೋಗಿ.

ಇನ್ನೊಂದು, ಹೋಗೋದು ಮನಾಲಿ ಕಡೆಯಿಂದ ಬೇಡ, ಶ್ರೀನಗರದ ಕಡೆಯಿಂದ ಹೋಗಿ, ಬರೋವಾಗ ಮನಾಲಿಗೆ ಇಳೀರಿ. ಎರಡೂ ದಾರಿ 400 ಕಿ.ಮೀ. ಮೇಲೇ, ದೂರದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ, ಆದ್ರೆ ಶ್ರೀನಗರದ ದಾರಿ ನಿಧಾನಕ್ಕೆ ಏರತ್ತೆ. ಜೋಜಿ ಲಾ 11,500 ಅಡಿ ಚಿಲ್ರೆ, ದಾಟಿ ರಾತ್ರಿ ಕಾರ್ಗಿಲ್‌ನಲ್ಲಿ ಮಲಗಿದ್ರೆ ಅದು 9,000 ಅಡಿಗಿಂತ ಕೆಳಗೆ. ಮನಾಲಿ ಕಡೆಯಿಂದ ಹೋದ್ರೆ ಮೊದಲ ದಿನವೇ ಬಾರಾಲಾಚಾ ಲಾ 16,000 ಅಡಿ ದಾಟಿ ಸರ್ಚುನಲ್ಲಿ 14,000 ಅಡಿಯಲ್ಲಿ ಮಲಗೋ ಪರಿಸ್ಥಿತಿ, ಹುಡುಗ್ರು ಎಷ್ಟೇ ಗಟ್ಟಿ ಇದ್ರೂ ಅಲ್ಲಿ ಬಿದ್ದುಹೋಗ್ತಾರೆ. ಜಿಮ್ ಮಾಡೋರಿಗೆ ಎತ್ತರ ಹೊಡಿಯಲ್ಲ ಅನ್ನೋದು ಶುದ್ಧ ಸುಳ್ಳು, ಇನ್ನೂ ಅವರೇ ಜಾಸ್ತಿ ಬೀಳ್ತಾರೆ, ನನಗೇನಾಗತ್ತೆ ಅಂತ ಮೊದಲ ದಿನವೇ ಹಾರಾಡ್ತಾರಲ್ಲ. ಮನಾಲಿ ದಾರೀನೇ ಬೇಕು ಅಂದ್ರೆ ಜಿಸ್ಪಾದಲ್ಲಿ ಒಂದಲ್ಲ ಎರಡು ರಾತ್ರಿ ಇರಿ. 2020ರಲ್ಲಿ ಅಟಲ್ ಟನಲ್ ಶುರುವಾದ್ಮೇಲೆ ರೋಹ್ತಾಂಗ್ ಹತ್ತೋ ಕಷ್ಟ ತಪ್ಪಿದೆ, ಆದ್ರೆ ಅದರಿಂದ ಇನ್ನೂ ಬೇಗ ಬೇಗ ಮೇಲೆ ಹೋಗ್ತಾರೆ, ಅದೊಂದು ಹೊಸ ಕಾಟ.

ನಾಲಾ ವಿಷಯ. ರಸ್ತೆಗೆ ಅಡ್ಡ ಹರಿಯೋ ಹಿಮದ ನೀರಿಗೆ ಅಲ್ಲಿ ನಾಲಾ ಅಂತಾರೆ. ಬೆಳಿಗ್ಗೆ ಮೊಣಕಾಲು ಮುಟ್ಟದ ನೀರು ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ಸೈಲೆನ್ಸರ್ ಮುಳುಗಿಸತ್ತೆ. ಹಾಗಾಗಿ ಬೆಳಿಗ್ಗೆ ಆರಕ್ಕೆ ಹೊರಡಿ, ಮೂರು ಗಂಟೆಗೆ ಎಲ್ಲಿದ್ದೀರೋ ಅಲ್ಲಿ ನಿಲ್ಲಿಸಿ. ನುಬ್ರಾದಿಂದ ಶ್ಯೋಕ್ ನದಿ ಪಕ್ಕ ಪ್ಯಾಂಗಾಂಗ್‌ಗೆ ನೇರ ಹೋಗೋ ರಸ್ತೆ ಇದೆಯಲ್ಲ, ಅಲ್ಲಂತೂ ಲೇಟಾಗಿ ಹೊರಡ್ಲೇಬೇಡಿ. ಗುಡ್ಡದಿಂದ ಕಲ್ಲು ಉದುರೋ ಜಾಗದಲ್ಲಿ "ಶೂಟಿಂಗ್ ಸ್ಟೋನ್ಸ್" ಬೋರ್ಡ್ ಇರತ್ತೆ, ಬೋರ್ಡ್ ಕೆಳಗೇ ನಿಂತು ಸೆಲ್ಫಿ ತಗೊಳೋರನ್ನ ಕಣ್ಣಾರೆ ನೋಡಿದೀನಿ. ಪೆಟ್ರೋಲ್: ಮನಾಲಿ ದಾರೀಲಿ ತಾಂಡಿ ಬಂಕ್ ಹತ್ರ "ಮುಂದಿನ ಬಂಕ್ 365 ಕಿ.ಮೀ." ಅನ್ನೋ ಬೋರ್ಡ್ ಫೇಮಸ್ಸು, ಕ್ಯಾನ್ ತಗೊಂಡು ಹೋಗಿ. ಮತ್ತೆ ದ್ರಾಸ್, ಕಾರ್ಗಿಲ್ ಕಡೆ ರಸ್ತೆ ಬಿಟ್ಟು ಗುಡ್ಡದ ಮೇಲೆ ಬೈಕ್ ಹತ್ತಿಸೋ ಸಾಹಸ ಬೇಡ, ನೆಲಬಾಂಬ್ (ಮೈನ್) ಹೂತಿದ್ದ ಜಾಗಗಳು ಅವು, ಕೆಂಪು ತ್ರಿಕೋನದ ಬೋರ್ಡ್ ಅಲಂಕಾರಕ್ಕೆ ಹಾಕಿರಲ್ಲ.

ಪ್ರಶ್ನೆ ಅಲ್ಲ, ತಿದ್ದುಪಡಿ: ಮಡಿಕೇರಿಯಿಂದ ಒಬ್ಬ ನಿವೃತ್ತ ಸುಬೇದಾರ್ ಬರೆದಿದಾರೆ. ಹೋದ ಸಂಚಿಕೆಯಲ್ಲಿ ನಾನು "ಖರ್ದುಂಗ್ ಲಾ 18,380 ಅಡಿ, ಪ್ರಪಂಚದ ಅತಿ ಎತ್ತರದ ಮೋಟಾರ್ ರಸ್ತೆ" ಅಂತ ಬರೆದಿದ್ದೆ. "ಮೇಡಂ, ಅಲ್ಲಿ ಹಾಗಂತ ಹಾಕಿರೋ ಬೋರ್ಡಿಗೆ ನಾವೇ ನಗ್ತಿದ್ವಿ" ಅಂದಿದಾರೆ.

ತಪ್ಪಾಯ್ತು ಸಾರ್. ಜಿಪಿಎಸ್ ಹಿಡಿದು ಅಳೆದ್ರೆ ಅದು 17,582 ಅಡಿ. ಎತ್ತರದ ದಾಖಲೆ ಬೇಕಂದ್ರೆ ಹಾನ್ಲೆ ಆಚೆ ಇರೋ ಉಮ್ಲಿಂಗ್ ಲಾ ಇದೆ, ಗಡಿ ರಸ್ತೆ ಸಂಸ್ಥೆ ಹಾಕಿರೋ ರಸ್ತೆ, 19,024 ಅಡಿ, ಎವರೆಸ್ಟ್ ಬೇಸ್ ಕ್ಯಾಂಪ್‌ಗಿಂತ ಎತ್ತರ. ಆಮೇಲೆ 2025ರಲ್ಲಿ ಮಿಗ್ ಲಾ ಅಂತ ಅದಕ್ಕಿಂತಲೂ ಎತ್ತರದಲ್ಲಿ ರಸ್ತೆ ಹಾಕಿದ್ರು. ಇದನ್ನ ಓದಿ ಯಾರೂ ಉಮ್ಲಿಂಗ್ ಲಾಗೆ ಲಗೇಜ್ ಕಟ್ಬೇಡಿ, ಲಡಾಖಲ್ಲಿ ವಾರ ಕಳೆದ ಮೇಲೆ ಯೋಚನೆ ಮಾಡಿ. ಅಲ್ಲಿ ಏನಾದ್ರೂ ಆದ್ರೆ ಆಸ್ಪತ್ರೆ ಹತ್ರದಲ್ಲಿ ಇಲ್ಲ, ಫೋನೂ ಇಲ್ಲ.

ಪ್ರಶ್ನೆ: ಒಬ್ಬಳೇ ಹೋಗ್ಬೇಕು ಅಂತಿದೀನಿ, 29 ವರ್ಷ. ಸೇಫಾ? ಪರ್ಮಿಟ್ ಹೇಗೆ? ತುರ್ತುಕ್‌ಗೆ ಹೋಗೋ ಆಸೆ. ಮನೇಲಿ "ಪಾಕಿಸ್ತಾನದ ಬಾರ್ಡರ್" ಅಂತ ಅಳ್ತಿದಾರೆ. — ಬೆಂಗಳೂರು, ಬಸವನಗುಡಿ

ಮನೆಯವರಿಗೆ ಹೇಳಿ, ನಾನು ಲಡಾಖಲ್ಲಿ ಒಬ್ಬಳೇ ಓಡಾಡಿದಷ್ಟು ನೆಮ್ಮದಿಯಾಗಿ ನಮ್ಮ ಮೆಜೆಸ್ಟಿಕ್‌ನಲ್ಲಿ ರಾತ್ರಿ ಹತ್ತಕ್ಕೆ ಓಡಾಡಿಲ್ಲ ಅಂತ. ಜನ ತುಂಬಾ ಮೃದು. "ಜೂಲೆ" ಅಂದ್ರೆ ನಮಸ್ಕಾರ, ಥ್ಯಾಂಕ್ಸ್, ಬರ್ತೀನಿ, ಎಲ್ಲದಕ್ಕೂ ಅದೊಂದೇ ಸಾಕು. ದಿಸ್ಕಿತ್ ಗೊಂಪಾದಲ್ಲಿ (ಬೌದ್ಧ ಮಠ) ನಾನು ಫೋನಲ್ಲಿ ನಮ್ಮಮ್ಮನ ಜೊತೆ ಮಾತಾಡ್ತಿದ್ದೆ, ಪಕ್ಕದಲ್ಲಿ ನಿಂತಿದ್ದ ಒಬ್ಬ ಲಾಮಾ "ಊಟ ಆಯ್ತಾ ಅಕ್ಕಾ?" ಅಂದ್ಬಿಟ್ರು, ಫೋನ್ ಕೈಜಾರಿ ಬೀಳೋದೊಂದು ಬಾಕಿ. ಹನ್ನೊಂದು ವರ್ಷ ಬೈಲಕುಪ್ಪೆಯಲ್ಲಿ ಓದಿದ್ರಂತೆ. ಲಡಾಖಿನ ಎಷ್ಟೋ ಹುಡುಗರು ಬೈಲಕುಪ್ಪೆ, ಮುಂಡಗೋಡಿನ ಮಠಗಳಿಗೇ ಓದೋಕೆ ಬರ್ತಾರೆ. ಕುಶಾಲನಗರದ ಮಸಾಲೆ ದೋಸೆ ನೆನೆಸ್ಕೊಂಡು ಪಾಪ ಅವರ ಕಣ್ಣಲ್ಲಿ ನೀರು.

ಪರ್ಮಿಟ್ಟು: ನುಬ್ರಾ, ಪ್ಯಾಂಗಾಂಗ್, ಸೋ ಮೋರಿರಿ ಸರೋವರ, ಹಾನ್ಲೆ ಈ ಕಡೆ ಹೋಗೋಕೆ ನಮ್ಮೋರಿಗೂ ಇನ್ನರ್ ಲೈನ್ ಪರ್ಮಿಟ್ ಬೇಕು. ಲೇಹ್ ಆಡಳಿತದ ವೆಬ್‌ಸೈಟಲ್ಲೇ ಅಪ್ಲೈ ಮಾಡಿ ಶುಲ್ಕ ಕಟ್ಟಿ, ಪ್ರಿಂಟ್ ತಗೊಳಿ. ಹೋಗೋ ಜಾಗಗಳ ಹೆಸರೆಲ್ಲಾ ಅದರಲ್ಲಿ ಇದೆಯಾ ನೋಡ್ಕೊಳಿ, ಬಿಟ್ಟುಹೋದ ಹೆಸರಿನ ಚೆಕ್‌ಪೋಸ್ಟಲ್ಲಿ ಬೇಡ್ಕೊಂಡ್ರೂ ಬಿಡಲ್ಲ. ಐದಾರು ಜೆರಾಕ್ಸ್ ಇಟ್ಕೊಳಿ, ಒಂದೊಂದು ಚೆಕ್‌ಪೋಸ್ಟಲ್ಲೂ ಒಂದೊಂದು ಇಸ್ಕೋತಾರೆ, ಆಧಾರ್ ಕಾರ್ಡ್ ಒರಿಜಿನಲ್ ಜೊತೆಗಿರ್ಲಿ. ಟ್ಯಾಕ್ಸಿ ಒಬ್ಬರಿಗೇ ದುಬಾರಿ ಬೀಳತ್ತೆ, ಲೇಹ್ ಮಾರ್ಕೆಟಲ್ಲಿ ಟ್ರಾವೆಲ್ ಅಂಗಡಿಗಳ ಬಾಗಿಲಲ್ಲಿ "ಇಬ್ಬರಿದ್ದೇವೆ, ಇನ್ನಿಬ್ಬರು ಬೇಕು" ಅಂತ ಚೀಟಿ ಅಂಟಿಸಿರ್ತಾರೆ, ಶೇರ್ ಸಿಗತ್ತೆ.

ಫೋನು: ನಿಮ್ಮ ಪ್ರೀಪೇಯ್ಡ್ ಸಿಮ್ ಲಡಾಖಲ್ಲಿ ಕೆಲಸ ಮಾಡಲ್ಲ, ಹೊರ ರಾಜ್ಯದ ಪೋಸ್ಟ್‌ಪೇಯ್ಡ್ ಮಾತ್ರ. ಹೊರಡೋ ಮೊದಲೇ ಬದಲಾಯಿಸ್ಕೊಳಿ. ಯುಪಿಐ ನಂಬ್ಕೊಂಡು ಬರಿಗೈಲಿ ಹೋಗ್ಬೇಡಿ, ಲೇಹ್ ಬಿಟ್ರೆ ಎಟಿಎಂ ಅಪರೂಪ. ಮತ್ತೆ ಯಾರೋ ವಿದೇಶದಲ್ಲಿರೋ ಅಣ್ಣ "ಸೇಫ್ಟಿಗೆ ಇರ್ಲಿ" ಅಂತ ಸ್ಯಾಟಲೈಟ್ ಫೋನೋ ಸ್ಯಾಟಲೈಟ್ ಮೆಸೇಜ್ ಕಳಿಸೋ ಡಿವೈಸೋ ಕೊಟ್ರೆ ತಗೊಂಡು ಹೋಗ್ಬೇಡಿ, ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಇಟ್ಕೊಂಡ್ರೆ ಅಪರಾಧ, ಏರ್‌ಪೋರ್ಟಲ್ಲೇ ಹಿಡೀತಾರೆ. ಡ್ರೋನ್ ಮನೇಲೇ ಬಿಡಿ. ಸೇತುವೆ, ಕ್ಯಾಂಪು, ಮಿಲಿಟರಿ ಗಾಡಿಗಳ ಫೋಟೋ ಬೇಡ.

ತುರ್ತುಕ್ ಬಗ್ಗೆ ಮನೆಯವರಿಗೆ ನಿಜ ಹೇಳಿ. ಆ ಊರು 1971ರ ಡಿಸೆಂಬರ್‌ವರೆಗೆ ಪಾಕಿಸ್ತಾನದ ಹಿಡಿತದಲ್ಲೇ ಇತ್ತು. ಯುದ್ಧದಲ್ಲಿ ಮೇಜರ್ ಚೆವಾಂಗ್ ರಿಂಚೆನ್ ಅವರ ಪಡೆ ಶ್ಯೋಕ್ ಕಣಿವೇಲಿ ಮುಂದೆ ನುಗ್ಗಿ ಚಾಲುಂಕಾ, ತುರ್ತುಕ್, ತ್ಯಾಕ್ಷಿ, ಥಾಂಗ್ ನಾಲ್ಕೂ ಊರು ಹಿಡಿದ್ರು. ಊರಿನೋರು ರಾತ್ರಿ ಮಲಗಿದಾಗ ಒಂದು ದೇಶ, ಏಳುವಾಗ ಇನ್ನೊಂದು. ಆವತ್ತು ಕೆಲಸಕ್ಕೋ ಓದೋಕೋ ಆ ಕಡೆ ಹೋಗಿದ್ದೋರು ಆ ಕಡೆನೇ ಉಳಿದ್ರು, ಗಂಡ ಅಲ್ಲಿ ಹೆಂಡತಿ ಇಲ್ಲಿ ಆದ ಮನೆಗಳಿವೆ. 2010ರಲ್ಲಷ್ಟೇ ಪ್ರವಾಸಿಗಳಿಗೆ ಬಿಟ್ಟಿದ್ದು. ಬಾಲ್ಟಿ ಮುಸ್ಲಿಮರ ಊರು, ಮೈ ಮುಚ್ಚೋ ಬಟ್ಟೆ ಹಾಕ್ಕೊಳಿ, ಹೆಂಗಸರ ಫೋಟೋ ಕೇಳದೆ ತೆಗೀಬೇಡಿ. ಎತ್ತರ ಸುಮಾರು 10,000 ಅಡಿ ಒಳಗೆ, ಹಾಗಾಗಿ ಉಸಿರಾಟಕ್ಕೂ ಹಿತ, ಜುಲೈ ಕೊನೇಲಿ ಹೋದ್ರೆ ಮರದ ತುಂಬಾ ಏಪ್ರಿಕಾಟ್ ಹಣ್ಣು. ಕಲ್ಲು ಪೇರಿಸಿ ಕಟ್ಟಿದ ಕೋಣೆ ಇರತ್ತೆ, ಕಲ್ಲಿನ ಸಂದೀಲಿ ತಣ್ಣನೆ ಗಾಳಿ ಬರತ್ತೆ, ಬೆಣ್ಣೆ ಮಾಂಸ ಎಲ್ಲಾ ಅದರಲ್ಲೇ ಇಡ್ತಾರೆ, ಕರೆಂಟಿಲ್ಲದ ಫ್ರಿಜ್ಜು. ಒಂದು ದಿನದಲ್ಲಿ ನೋಡಿ ಓಡಿ ಬರ್ಬೇಡಿ, ಎರಡು ರಾತ್ರಿ ಇದ್ದು ಬನ್ನಿ.

ಪ್ರಶ್ನೆ: ನನ್ನ ಮಗ ಫೌಜಿನ್ಯಾಗ ಅದಾನ್ರಿ, ಈಗ ಸಿಯಾಚಿನ್ ಕಡೆ ಹಾಕ್ಯಾರ. ಎಂಟು ತಿಂಗಳಾತು ಮಾರಿ ನೋಡಿ. ನಾವಿಬ್ಬರೂ ಗಂಡಾ ಹೆಂಡತಿ ಟೂರಿನವರ ಜೋಡಿ ಲೇಹಕ್ಕ ಹೋದ್ರ ಅಂವನ್ನ ನೋಡಲಿಕ್ಕೆ ಬರ್ತದೇನ್ರಿ? ಅಂವಗ ಹೇಳದ ಹೋಗಬೇಕಂತ ಅಕಿಗೆ ಆಸೆ. — ಗದಗ ಜಿಲ್ಲೆಯಿಂದ ಒಬ್ಬ ಹಿರಿಯರು

ಅಣ್ಣಾರ, ಹೇಳದೆ ಮಾತ್ರ ಹೋಗಬ್ಯಾಡ್ರಿ. ಅವನಿರೋ ಜಾಗಕ್ಕೆ ಮನೆಯವರನ್ನ ಬಿಡೋದಿಲ್ಲ, ನೀವು ಲೇಹ್‌ನಲ್ಲಿ ಬಂದು ಕೂತಿದೀರಾ ಅಂತ ಗೊತ್ತಾದ್ರೂ ಅವನು ಇಳಿದು ಬರೋ ಹಂಗಿರಲ್ಲ. ಆಗ ಇಬ್ಬರಿಗೂ ಸಂಕಟ, ಅವನಿಗೆ ಜಾಸ್ತಿ, ಅಲ್ಲಿ ಮನಸ್ಸು ಕೆಡಿಸ್ಕೊಂಡು ಡ್ಯೂಟಿ ಮಾಡೋದು ಒಳ್ಳೇದಲ್ಲ. ಮೇಲಿನ ಪೋಸ್ಟ್‌ಗಳಲ್ಲಿ ವರ್ಷಗಟ್ಟಲೆ ಇಡೋದಿಲ್ಲ, ಸರದಿ ಮೇಲೆ ಕೆಳಗೆ ಇಳಿಸ್ತಾರೆ, ರಜೆ ಸಿಕ್ಕಾಗ ಊರಿಗೇ ಬರ್ಲಿ. ನೀವು ಅಲ್ಲಿಗೆ ಹೋಗಿ ಸುಸ್ತಾಗೋದಕ್ಕಿಂತ ಅವನು ಬಂದು ನಿಮ್ಮ ಮನೆ ರೊಟ್ಟಿ ತಿಂದ್ರೆ ಅದೇ ಚಲೋ.

ನಿಮಗ್ಯಾಕೆ ಅಂಜಿಕೆ ಅಂತ ಗೊತ್ತು. ಕುಂದಗೋಳ ತಾಲೂಕಿನ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರನ್ನ ನಮ್ಮ ಕಡೆ ಯಾರೂ ಮರೆತಿಲ್ಲ. 2016ರ ಫೆಬ್ರವರಿ 3ಕ್ಕೆ ಸಿಯಾಚಿನ್‌ನ 19,000 ಅಡಿ ಮೇಲಿನ ಪೋಸ್ಟ್ ಮೇಲೆ ಹಿಮ ಕುಸಿದು ಹತ್ತು ಜನ ಹೂತುಹೋದ್ರು, ಹಾಸನ ಜಿಲ್ಲೆಯವರು, ಮೈಸೂರು ಜಿಲ್ಲೆಯವರೂ ಇದ್ರು ಅದರಲ್ಲಿ. ಹನುಮಂತಪ್ಪ ಒಬ್ಬರೇ ಹಿಮದ ಅಡಿ ಆರು ದಿನ ಉಸಿರು ಹಿಡ್ಕೊಂಡಿದ್ರು, ಜೀವಂತ ಹೊರಗೆ ತೆಗೆದ್ರು, 11ನೇ ತಾರೀಖು ಡೆಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ್ರು. ಆ ಒಂದು ವಾರ ಊರೂರಲ್ಲಿ ದೀಪ ಹಚ್ಚಿದ್ದು ನೆನಪಿದೆ. ಇದನ್ನ ಬರೀಲೋ ಬೇಡವೋ ಅಂತ ಎರಡು ಸಲ ಯೋಚನೆ ಮಾಡಿದೆ, ಆದ್ರೆ ನೀವು ಬರೆದಿಲ್ಲದಿದ್ರೂ ನಿಮ್ಮ ಕಾಗದದಲ್ಲಿ ಅದೇ ಇತ್ತು.

ಮಗನಿಗೆ ಪಾರ್ಸಲ್ ಕಳಿಸಬಹುದು. ಅವನು ಕೊಟ್ಟಿರೋ ಅಡ್ರೆಸ್ಸಲ್ಲಿ "ಕೇರ್ ಆಫ್ 56 ಎಪಿಓ" (ಸೇನೆಯ ಅಂಚೆ ಕಚೇರಿ) ಅಂತ ಇರತ್ತೆ, ನಿಮ್ಮೂರ ಪೋಸ್ಟ್ ಆಫೀಸಲ್ಲೇ ತಗೋತಾರೆ. ಶೇಂಗಾ ಹೋಳಿಗೆ, ಕರದಂಟು ಕಳಿಸಿ, ಕೆಡಲ್ಲ. ಅವನ ಯೂನಿಟ್ಟು, ಇರೋ ಜಾಗ, ಅವನು ಕಳಿಸಿದ ಫೋಟೋ, ಯಾವುದನ್ನೂ ವಾಟ್ಸಾಪ್ ಸ್ಟೇಟಸ್‌ಗೆ ಹಾಕಬ್ಯಾಡ್ರಿ, ಓಣಿ ಮಂದಿಗೂ ಹೇಳ್ರಿ. ಅವ್ವಾರಿಗೆ ಲಡಾಖ್ ನೋಡೋ ಆಸೆ ಇದ್ದೇ ಇದ್ರೆ, ಮಗ ಅಲ್ಲಿಂದ ಪೋಸ್ಟಿಂಗ್ ಬದಲಾದ ಮೇಲೆ ಮೂವರೂ ಒಟ್ಟಿಗೆ ಹೋಗಿ ಬನ್ನಿ.

ಪ್ರಶ್ನೆ: ಹಾನ್ಲೆಯಲ್ಲಿ ಆಕಾಶಗಂಗೆ ಬರಿಗಣ್ಣಿಗೆ ಕಾಣುತ್ತದಂತೆ. ಯಾವಾಗ ಹೋಗುವುದು ಒಳ್ಳೆಯದು? — ಉಡುಪಿ

ಕಾಣತ್ತೆ ಮಾರಾಯ್ರೆ, ನೆರಳು ಬೀಳತ್ತೇನೋ ಅನ್ನೋ ಹಾಗೆ ಕಾಣತ್ತೆ. ಅಮಾವಾಸ್ಯೆ ಆಸುಪಾಸು ನೋಡ್ಕೊಂಡು ಹೋಗಿ, ಹುಣ್ಣಿಮೆಗೆ ಹೋದ್ರೆ ದುಡ್ಡು ದಂಡ. ಊರೇ 14,000 ಅಡಿ ಮೇಲಿದೆ, ಹಾಗಾಗಿ ಟ್ರಿಪ್ಪಿನ ಕೊನೇ ಭಾಗಕ್ಕೆ ಇಟ್ಕೊಳಿ. ಅಲ್ಲಿರೋ ವೀಕ್ಷಣಾಲಯ ನಡೆಸೋದು ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ಇನ್ನೊಂದು ಮಜಾ ಹೇಳ್ಲಾ, ಅಲ್ಲಿನ ಎರಡು ಮೀಟರ್ ಚಂದ್ರ ಟೆಲಿಸ್ಕೋಪನ್ನ ಸ್ಯಾಟಲೈಟ್ ಲಿಂಕಲ್ಲಿ ನಡೆಸೋದು ಹೊಸಕೋಟೆಯಿಂದ. ಭಾನುವಾರ ಬೆಳಗಿನ ಜಾವ ಬಿರಿಯಾನಿಗೆ ಅಂತ ಓಡ್ತಾರಲ್ಲ, ಅದೇ ಹೊಸಕೋಟೆ. ಕ್ಯೂನಲ್ಲಿ ನಿಂತಿರೋರಿಗೆ ಗೊತ್ತೇ ಇರಲ್ಲ, ಪಕ್ಕದಲ್ಲೇ ಕೂತು ಯಾರೋ ಚೀನಾ ಗಡಿಯ ಗುಡ್ಡದ ಮೇಲಿನ ಟೆಲಿಸ್ಕೋಪ್ ತಿರುಗಿಸ್ತಿದಾರೆ ಅಂತ.

2022ರಲ್ಲಿ ಹಾನ್ಲೆಯನ್ನ ಡಾರ್ಕ್ ಸ್ಕೈ ರಿಸರ್ವ್ (ರಾತ್ರಿ ಆಕಾಶದ ಕತ್ತಲು ಕೆಡದ ಹಾಗೆ ಕಾಯೋ ಜಾಗ) ಅಂತ ಘೋಷಿಸಿದಾರೆ. ರಾತ್ರಿ ಕಾರಿನ ಹೈ ಬೀಮ್ ಹಾಕೋ ಹಾಗಿಲ್ಲ, ಹೋಂಸ್ಟೇ ಕಿಟಕಿಗೆ ದಪ್ಪ ಪರದೆ. ಊರಿನ ಹುಡುಗ ಹುಡುಗೀರೇ ಟೆಲಿಸ್ಕೋಪ್ ಇಟ್ಕೊಂಡು ಶನಿಯ ಬಳೆ ತೋರಿಸ್ತಾರೆ, ಫೀಸ್ ಚೌಕಾಸಿ ಮಾಡ್ಬೇಡಿ. ಜುಲೈನಲ್ಲೂ ರಾತ್ರಿ ಚಳಿ ಮೂಳೆಗೆ ಇಳಿಯತ್ತೆ, ಉಡುಪಿಯ ಸ್ವೆಟರ್ ಸಾಲದು.

ಪ್ರಶ್ನೆ: ಟಿಕೆಟ್ ಎಲ್ಲಾ ಬುಕ್ ಮಾಡಿದ ಮೇಲೆ ಗಡಿಯಲ್ಲಿ ಏನಾದ್ರೂ ಗಲಾಟೆ ಆದ್ರೆ? — ಮೈಸೂರು

ಆಗಬಹುದು, ಆಗಿದೆ ಕೂಡ. 2020ರ ಜೂನ್ 15ಕ್ಕೆ ಗಲ್ವಾನ್‌ನಲ್ಲಿ ಚೀನಾ ಸೈನ್ಯದ ಜೊತೆಗಿನ ಘರ್ಷಣೆಯಲ್ಲಿ ನಮ್ಮ 20 ಸೈನಿಕರು ತೀರಿಕೊಂಡ್ರು. 2025ರ ಮೇನಲ್ಲಿ ಲೇಹ್, ಶ್ರೀನಗರ ಸೇರಿ ಉತ್ತರ, ಪಶ್ಚಿಮದ 32 ಏರ್‌ಪೋರ್ಟ್ ಕೆಲವು ದಿನ ಬಂದ್ ಇದ್ವು. ಅಂಥ ಟೈಮಲ್ಲಿ ಸರಳ ಲೆಕ್ಕ, ಹೊರಟಿಲ್ಲ ಅಂದ್ರೆ ಹೊರಡಬೇಡಿ, ಅಲ್ಲೇ ಇದ್ರೆ ಲೇಹ್ ಊರಲ್ಲಿ ಉಳ್ಕೊಳಿ, ಆಡಳಿತ ಏನು ಹೇಳತ್ತೋ ಅದನ್ನ ಕೇಳಿ, ಟಿವಿ ಸ್ಟುಡಿಯೋ ಕಿರುಚಾಟ ಕೇಳ್ಬೇಡಿ. ಆದ್ರೆ ನಿಮ್ಮ ಫ್ಲೈಟ್ ತಪ್ಪಿಸೋದು ಹೆಚ್ಚಿನ ಸಲ ಯುದ್ಧ ಅಲ್ಲ, ಹವಾಮಾನ. ಮೋಡ ಬಂದ್ರೆ ಕ್ಯಾನ್ಸಲ್, ಮಧ್ಯಾಹ್ನ ಗಾಳಿ ಎದ್ರೆ ಕ್ಯಾನ್ಸಲ್, 2024ರ ಜುಲೈ ಕೊನೇಲಿ ನೋಡಿ ಬಿಸಿಲು ಜಾಸ್ತಿ ಆಯ್ತು ಅಂತ ಕ್ಯಾನ್ಸಲ್! ಮೊದಲೇ ತೆಳು ಗಾಳಿ, ಬಿಸಿಯಾದ್ರೆ ಇನ್ನೂ ತೆಳ್ಳಗಾಗಿ ವಿಮಾನಕ್ಕೆ ಎತ್ತೋಕಾಗಲ್ಲ. ಮಳೆ ಬೀಳದ ಮರುಭೂಮಿ ಅಂತ ನಂಬಬೇಡಿ, 2010ರ ಆಗಸ್ಟಲ್ಲಿ ಒಂದು ರಾತ್ರಿ ಮೋಡ ಒಡೆದು ಲೇಹ್‌ನಲ್ಲಿ 200ಕ್ಕೂ ಹೆಚ್ಚು ಜನ ಕೆಸರಲ್ಲಿ ಹೋದ್ರು. ಒಣಗಿದ ನಾಲಾದಲ್ಲಿ ಟೆಂಟ್ ಹಾಕ್ಬೇಡಿ. ವಾಪಸ್ ಬಂದ ಮರುದಿನವೇ ಮನೇಲಿ ಗೃಹಪ್ರವೇಶ, ಆಫೀಸಲ್ಲಿ ಆಡಿಟ್ ಅಂತೆಲ್ಲಾ ಇಟ್ಕೋಬೇಡಿ, ಕೊನೇಲಿ ಎರಡು ದಿನ ಖಾಲಿ ಬಿಡಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅಲ್ಲಿ ಉಪವಾಸ ಬೀಳ್ತೀವಾ? — ಸಾಗರ

ಇಲ್ಲಪ್ಪ. ಲೇಹ್‌ನಲ್ಲಿ ಎಲ್ಲಾ ಸಿಗತ್ತೆ, ಹಳ್ಳಿ ಕಡೆ ದಾಲ್, ಅನ್ನ, ಚಪಾತಿ. ತುಕ್ಪಾ (ನೂಡಲ್ಸ್ ಸೂಪ್), ಸ್ಕ್ಯೂ (ಹಿಟ್ಟಿನ ತುಂಡು ಹಾಕಿ ಬೇಯಿಸೋ ಗಟ್ಟಿ ಸಾರು) ತಿನ್ನೋ ಮೊದಲು ಮಾಂಸ ಹಾಕಿದಾರಾ ಕೇಳಿ. ಖಂಬೀರ್ ಅಂತ ದಪ್ಪ ರೊಟ್ಟಿ ಇದೆ, ಬೆಣ್ಣೆ ಜೊತೆ ಚೆನ್ನಾಗಿರತ್ತೆ. ಬೆಣ್ಣೆ ಚಹಾಗೆ ಉಪ್ಪು ಹಾಕ್ತಾರೆ, ಟೀ ಅಂದ್ಕೊಂಡು ಕುಡಿದ್ರೆ ಮುಖ ಕಿವುಚ್ತೀರಾ, ತೆಳು ಸೂಪ್ ಅಂದ್ಕೊಂಡು ಕುಡೀರಿ. ಮನೆಯಿಂದ ಅಕ್ಕಿ ತಗೊಂಡು ಹೋಗೋ ಯೋಚನೆ ಇದ್ರೆ ಬೇಡ, ಆ ಎತ್ತರದಲ್ಲಿ ನೀರು 88 ಡಿಗ್ರಿ ಸುಮಾರಿಗೇ ಕುದ್ದುಬಿಡತ್ತೆ, ಕುಕ್ಕರ್ ಇಲ್ಲದೆ ಅನ್ನ ಬೇಯಲ್ಲ. ಅವಲಕ್ಕಿ ತಗೊಂಡು ಹೋಗಿ. ಚಟ್ನಿಪುಡಿನೂ. ಆದ್ರೆ ಸೀಲ್ ಮಾಡಿದ ಪ್ಯಾಕೆಟ್‌ಗೆ ಒಂದು ಸೂಜಿ ತೂತು ಹಾಕಿ ಡಬ್ಬಿಯೊಳಗೆ ಇಡಿ, ಮೇಲೆ ಹೋಗ್ತಾ ಹೋಗ್ತಾ ಅದು ಬಲೂನ್ ಥರ ಊದ್ಕೊಳತ್ತೆ. ನಂದು ಖರ್ದುಂಗ್ ಲಾ ಹತ್ರ ಬ್ಯಾಗೊಳಗೇ ಒಡೆದು, ಆಮೇಲೆ ನುಬ್ರಾದಲ್ಲಿ ಮೂರು ದಿನ ನನ್ನ ಸ್ವೆಟರೆಲ್ಲಾ ಶೇಂಗಾ ಚಟ್ನಿ ವಾಸನೆ.